ಮಳೆ ಊರಿನ ಹದಿಹರೆಯದ ಮಕ್ಕಳು ನೀರು ಕುಡಿಯೋ ಹಂಗೆ ಮಾಡೋದು ಹೇಗೆ? ಕಾಪಿ, ಕೂಲ್‌ಡ್ರಿಂಕ್ಸ್, ಎನರ್ಜಿ ಡ್ರಿಂಕ್ ಲೆಕ್ಕ ಸಮೇತ

ಜೂನಲ್ಲಿ ಮಳೆ ಹಿಡ್ಕೊಂಡ್ರೆ ಸೆಪ್ಟೆಂಬರ್ ತನಕ ಕೊಡಗಿನ ಹೈಸ್ಕೂಲು, ಪಿಯು ಮಕ್ಕಳ ಬ್ಯಾಗಲ್ಲಿರೋ ನೀರಿನ ಬಾಟ್ಲಿ ಬೆಳಗ್ಗೆ ಹೋದಂಗೇ ಸಾಯಂಕಾಲ ವಾಪಸ್ ಬರುತ್ತೆ. ಅಮ್ಮಂದಿರು ಬೈತಾರೆ, ಮಕ್ಕಳು "ಬಾಯಾರಿಕೆನೇ ಆಗಲ್ಲ, ನಾನೇನ್ ಮಾಡ್ಲಿ" ಅಂತಾರೆ, ಮಾರನೇ ದಿನ ಮತ್ತೆ ಅದೇ ಕಥೆ. ಅವ್ರು ಹೇಳೋದು ಸುಳ್ಳಲ್ಲ, ಚಳಿಯಲ್ಲಿ ಬಾಯಾರಿಕೆ ನಿಜವಾಗ್ಲೂ ಕಮ್ಮಿ ಆಗುತ್ತೆ, ಆದ್ರೆ ಮೈಗೆ ಬೇಕಾಗೋ ನೀರು ಅಷ್ಟೊಂದು ಕಮ್ಮಿ ಆಗಲ್ಲ. ಇನ್ನೊಂದು ಕಡೆ ಅದೇ ಮಕ್ಕಳು ದಿನಕ್ಕೆ ಮೂರ್ನಾಲ್ಕು ಲೋಟ ಕಾಪಿ ಟೀ ಇಳಿಸ್ತಾರೆ, ಬಸ್‌ಸ್ಟ್ಯಾಂಡಲ್ಲಿ ಇಪ್ಪತ್ತು ರೂಪಾಯಿದು ಒಂದು ಬಾಟ್ಲಿ ಎತ್ತುತ್ತಾರೆ, ಅದಕ್ಕೆ ಬಾಯಾರಿಕೆ ಏನೂ ಬೇಕಾಗಲ್ಲ ನೋಡಿ.

ನಾನು ಕಂಡ ಮಟ್ಟಿಗೆ "ನೀರು ಕುಡಿ, ನೀರು ಕುಡಿ" ಅಂತ ಹೇಳಿದ್ದಕ್ಕೆ ಯಾವ ಹದಿನೈದು ವರ್ಷದ ಮಗುನೂ ಜಾಸ್ತಿ ನೀರು ಕುಡಿದಿಲ್ಲ. ಕುಡಿಯೋಕೆ ಅಡ್ಡ ಬರ್ತಿರೋದು ಏನು ಅಂತ ನೋಡಿ ಅದನ್ನ ತೆಗೆದ್ರೆ ಅರ್ಧ ಕೆಲಸ ಆಯ್ತು. ನಮ್ಮ ಕಡೆ ಅಡ್ಡ ಬರೋದು ಮುಖ್ಯವಾಗಿ ಮೂರು: ಚಳಿ, ಬಸ್ಸು, ಟಾಯ್ಲೆಟ್ಟು. ಈ ಲೇಖನದ ಹೆಜ್ಜೆಗಳು ಹೆಚ್ಚಾಗಿ ಅದರ ಸುತ್ತಾನೇ ಇವೆ. 12ರಿಂದ 18 ವರ್ಷದ ಮಕ್ಕಳಿರೋ ಮನೆಯವ್ರಿಗೆ ಬರ್ದಿದ್ದು, ಮಕ್ಕಳೇ ಓದಿದ್ರೆ ಇನ್ನೂ ಒಳ್ಳೇದು.

ಹೆಜ್ಜೆ 1: ಮೂರು ದಿನ ಸುಮ್ನೆ ನೋಡಿ, ಏನೂ ಹೇಳ್ಬೇಡಿ

ಎರಡು ಸ್ಕೂಲ್ ದಿನ, ಒಂದು ಭಾನುವಾರ. ಹಳೇ ಕ್ಯಾಲೆಂಡರ್ ಹಾಳೆ ಹಿಂದುಗಡೆ ಬರ್ಕೊಂಡ್ರೂ ಸಾಕು. ಎದ್ದ ತಕ್ಷಣ ಏನು ಕುಡಿದ್ರು, ತಿಂಡಿ ಜೊತೆ ಏನು, ಬಾಟ್ಲಿಯಲ್ಲಿ ಎಷ್ಟು ಉಳೀತು, ಮನೆಗೆ ಬಂದ್ಮೇಲೆ ಏನು, ರಾತ್ರಿ ಓದೋವಾಗ ಏನು. ಅಂಗಡಿಯಲ್ಲಿ ಕುಡಿಯೋದನ್ನ ಬೈಯ್ಯೋ ದನಿಯಲ್ಲಿ ಕೇಳಿದ್ರೆ ಹೇಳಲ್ಲ, "ಇವತ್ತು ಏನ್ ತಗೊಂಡ್ರಿ ಎಲ್ರೂ" ಅಂತ ಕೇಳಿದ್ರೆ ಗೆಳೆಯರ ಹೆಸರಲ್ಲಿ ತಮ್ಮದೂ ಹೇಳಿಬಿಡ್ತಾರೆ. ಈ ಹಾಳೆ ನೋಡಿದಾಗ ಸಾಮಾನ್ಯವಾಗಿ ಕಾಣೋದೇನಂದ್ರೆ, ಬೆಳಗ್ಗೆ ಏಳರಿಂದ ಸಾಯಂಕಾಲ ಐದರ ತನಕ ಮಗು ಹೆಚ್ಚುಕಮ್ಮಿ ಒಣಗಿಕೊಂಡೇ ಇರುತ್ತೆ, ಕುಡಿದಿದ್ದೆಲ್ಲಾ ಮನೆಯಲ್ಲೇ, ಅದೂ ಕಾಪಿನೇ.

ಮೂತ್ರದ ಬಣ್ಣ ನೋಡ್ಕೊಳ್ಳೋಕೆ ಮಕ್ಕಳಿಗೇ ಹೇಳಿಕೊಡಿ, ನಾಚಿಕೆ ಪಡೋ ವಿಷಯ ಏನಲ್ಲ. ತಿಳಿ ಹಳದಿ ಇದ್ರೆ ಸರಿ ಇದೆ. ಕಡು ಹಳದಿ ಆಗಿ, ವಾಸನೆ ಜಾಸ್ತಿ ಆಗಿ, ದಿನಕ್ಕೆ ಎರಡು ಮೂರು ಸಲ ಮಾತ್ರ ಹೋಗ್ತಿದ್ರೆ ನೀರು ಸಾಲ್ತಿಲ್ಲ ಅಂತ. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಳ್ತಿದ್ರೆ ನೀರು ಎಷ್ಟು ಕುಡಿದ್ರೂ ಗಾಢ ಹಳದಿ ಬರುತ್ತೆ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ಹಾಂ, ಕಕ್ಕಡ ಪದ್‌ನೆಟ್ಟ್ ದಿನ, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ತಿಂದಿದ್ರೆ ಮಾರನೇ ದಿನ ಕೆಂಪಗೇ ಬರುತ್ತೆ, ಇದು ಊರಲ್ಲಿ ಎಲ್ರಿಗೂ ಗೊತ್ತು, ಆದ್ರೆ ಹಾಸ್ಟೆಲಿಂದ ಫಸ್ಟ್ ಟೈಮ್ ಗೆಳೆಯನ ಮನೆಗೆ ಬಂದು ತಿಂದ ಹುಡುಗನಿಗೆ ಮೊದ್ಲೇ ಹೇಳಿಬಿಡಿ, ಪಾಪ, ಗಾಬರಿ ಬೀಳ್ತಾನೆ.

ಹೆಜ್ಜೆ 2: ಎಷ್ಟು ಬೇಕು ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳಿ

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಹೈದರಾಬಾದ್ ಪೋಷಣಾ ಸಂಸ್ಥೆಯವ್ರು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ಸುಮಾರು 8 ಲೋಟ, ಅಂದ್ರೆ 2 ಲೀಟರ್ ಹತ್ತಿರ ನೀರು ಅಂತ ಹೇಳ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ 2010ರ ಲೆಕ್ಕದಲ್ಲಿ 9ರಿಂದ 13 ವರ್ಷದ ಹುಡುಗರಿಗೆ 2.1 ಲೀಟರ್, ಹುಡುಗಿಯರಿಗೆ 1.9, ಹದಿನಾಲ್ಕು ದಾಟಿದ ಮೇಲೆ ದೊಡ್ಡವರಷ್ಟೇ, 2.5 ಮತ್ತು 2. ಆದ್ರೆ ಈ ಯುರೋಪ್ ಲೆಕ್ಕದಲ್ಲಿ ಊಟದಿಂದ ಬರೋ ನೀರೂ ಸೇರಿದೆ, ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು ಊಟದಿಂದಾನೇ ಬರುತ್ತೆ. ನಮ್ಮ ಊಟದಲ್ಲಂತೂ ಗಂಜಿ, ಸಾರು, ಮಜ್ಜಿಗೆ ಎಲ್ಲಾ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತೆ. ಹಂಗಾಗಿ ಮಗು ಆರು ಲೋಟ ನೀರು ಕುಡಿದು, ಮಧ್ಯಾಹ್ನ ಸಾರು ಮಜ್ಜಿಗೆ ಸರಿಯಾಗಿ ಹಾಕ್ಕೊಂಡು ಉಂಡಿದ್ರೆ, ಎಂಟನೇ ಲೋಟಕ್ಕಾಗಿ ಮನೆಯಲ್ಲಿ ಮಹಾಭಾರತ ಮಾಡೋದು ಬೇಡ.

ಕುಶಾಲನಗರ, ಕೂಡಿಗೆ ಕಡೆ ಮಡಿಕೇರಿಗಿಂತ ಬಿಸಿಲು ಜಾಸ್ತಿ, ಅಲ್ಲಿನ ಮಕ್ಕಳಿಗೆ, ಮೈದಾನದಲ್ಲಿ ಆಡೋ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ಕಿಡ್ನಿ, ಹಾರ್ಟ್ ತೊಂದ್ರೆ ಇರೋ ಮಕ್ಕಳಿಗೆ ಡಾಕ್ಟರ್ ಹೇಳಿದ್ದೇ ಲೆಕ್ಕ.

ಮತ್ತೆ ಈ ರೀಲ್ಸ್ ನೋಡಿ ಒಂದೇ ಉಸಿರಿಗೆ ಎರಡು ಲೀಟರ್ ಕುಡಿಯೋ ಚಾಲೆಂಜ್ ಎಲ್ಲಾ ಮಾಡ್ತಾರಲ್ಲ, ಅದು ಬೇಡವೇ ಬೇಡ. ಕಿಡ್ನಿ ಗಂಟೆಗೆ ಹೊರಗೆ ಹಾಕೋದು ಹೆಚ್ಚಂದ್ರೆ ಒಂದು ಲೀಟರ್, ಅದಕ್ಕಿಂತ ಸ್ಪೀಡಾಗಿ ಸುರಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗಬಹುದು.

ಹೆಜ್ಜೆ 3: ನೀರನ್ನ ಬಿಸಿ ಮಾಡಿ, ಟೈಮಿಗೆ ಕಟ್ಟಿ

ಮಳೆಗಾಲದಲ್ಲಿ ತಣ್ಣೀರು ಗಂಟಲಿಗಿಳಿಯಲ್ಲ, ಅದಕ್ಕೇ ಕುಡಿಯಲ್ಲ. ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕ್ ಒಂದು ತಗೊಂಡು ಬಿಸಿನೀರು ಹಾಕಿ ಕಳಿಸಿ, ಅದರಲ್ಲೇ ಒಂದು ಚಿಟಿಕೆ ಜೀರಿಗೆನೋ ಎರಡು ಚೂರು ಶುಂಠಿನೋ ಹಾಕಿದ್ರೆ ವಾಸನೆಗಾದ್ರೂ ಕುಡೀತಾರೆ. ಕುಟ್ಟ, ಸಿದ್ದಾಪುರ ಕಡೆ ಕೆಲವು ಮನೆಗಳಲ್ಲಿ ಕೇರಳದವ್ರ ಥರ ಜೀರಿಗೆ ನೀರು ಕುದಿಸಿ ಇಡೋ ಅಭ್ಯಾಸ ಇದೆ, ಅಂಥ ಮನೆ ಮಕ್ಕಳು ಮಳೆಗಾಲದಲ್ಲೂ ನೀರು ಕುಡಿಯೋದನ್ನ ನೋಡಿದ್ದೀನಿ.

ಇನ್ನು ಟೈಮು. ಹಳ್ಳಿ ಕಡೆಯಿಂದ ಮಡಿಕೇರಿಗೋ ವಿರಾಜಪೇಟೆಗೋ ಹೋಗೋ ಮಕ್ಕಳಿಗೆ ಒಂದು ಗಂಟೆ ಬಸ್ಸು, ತಿರುವು ಬೇರೆ, ನಿಂತ್ಕೊಂಡೇ ಹೋಗ್ಬೇಕು. ಮಧ್ಯದಲ್ಲಿ ಅವಸರ ಆದ್ರೆ ಏನ್ ಮಾಡೋದು ಅನ್ನೋ ಭಯಕ್ಕೆ ಬೆಳಗ್ಗೆ ನೀರೇ ಮುಟ್ಟಲ್ಲ. ಅವ್ರಿಗೆ ಸರಿಹೋಗೋ ಥರ ಹೀಗೆ ಮಾಡಿ:

ಎದ್ದ ತಕ್ಷಣ, ಕಾಪಿಗೂ ಮುಂಚೆ, ಒಂದು ಲೋಟ ಉಗುರು ಬೆಚ್ಚಗಿನ ನೀರು. ಸಾಮಾನ್ಯವಾಗಿ ಒಂದು ಗಂಟೆ ಆಸುಪಾಸಲ್ಲಿ ಅದು ಹೊರಗೆ ಬರುತ್ತೆ, ಅಷ್ಟೊತ್ತಿಗೆ ಮನೆಯಲ್ಲೇ ಇರ್ತಾರೆ, ಹೊರಡೋ ಮುಂಚೆ ಟಾಯ್ಲೆಟ್ಟಿಗೆ ಹೋಗೋದನ್ನ ಚಪ್ಪಲಿ ಹಾಕೋದಕ್ಕಿಂತ ಮುಂಚಿನ ರೂಢಿ ಮಾಡಿ. ಬಸ್ ಹತ್ತೋ ಮುಂಚಿನ ಅರ್ಧ ಗಂಟೆಯಲ್ಲಿ ಒತ್ತಾಯ ಮಾಡ್ಬೇಡಿ. ಸ್ಕೂಲು ತಲುಪಿದ ತಕ್ಷಣ ಒಂದು ಲೋಟ, ಇದೇ ಮುಖ್ಯ, ಇದನ್ನ ತಪ್ಪಿಸಿದ್ರೆ ಮಧ್ಯಾಹ್ನ ತನಕ ಕುಡಿಯಲ್ಲ. ಶಾರ್ಟ್ ಬ್ರೇಕಲ್ಲಿ ಅರ್ಧ, ಊಟಕ್ಕೆ ಒಂದು, ಮನೆಗೆ ಬಂದು ಕಾಪಿಗೆ ಮುಂಚೆ ಒಂದು, ಓದೋಕೆ ಕೂತಾಗ ಒಂದು, ರಾತ್ರಿ ಊಟಕ್ಕೆ ಒಂದು. ಮಲಗೋ ಹೊತ್ತಿಗೆ ಜಾಸ್ತಿ ಬೇಡ, ಚಳಿಯಲ್ಲಿ ಹೊರಗಿನ ಬಾತ್ರೂಮಿಗೆ ಎದ್ದು ಹೋಗೋ ಕಷ್ಟ ಯಾರಿಗೆ ಬೇಕು.

2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯೋಕೆ ಅಂತಾನೇ ಬೆಲ್ ಹೊಡೆಯೋದು ಶುರು ಮಾಡಿದ್ರು, ನಮ್ಮ ರಾಜ್ಯದಲ್ಲೂ ವಾಟರ್ ಬೆಲ್ ಮಾತು ಬಂತು. ನಿಮ್ಮ ಶಾಲೆಯಲ್ಲಿ ಬೆಲ್ ಇಲ್ಲಾಂದ್ರೆ ಕ್ಲಾಸ್ ಟೀಚರ್ ಹತ್ರ ಮಾತಾಡಿ, ಎರಡನೇ ಪೀರಿಯಡ್ ಮುಗಿದಾಗ ಎರಡು ನಿಮಿಷ ಸಾಕು. ಎಲ್ರೂ ಒಟ್ಟಿಗೆ ಕುಡಿದ್ರೆ ಕುಡಿಯೋದಕ್ಕೆ ನಾಚಿಕೆ ಇರಲ್ಲ, ಈ ವಯಸ್ಸಿನವ್ರಿಗೆ ನೀರು ಕುಡಿಯೋಕೂ ನಾಚಿಕೆ.

ಹೆಜ್ಜೆ 4: ಟಾಯ್ಲೆಟ್ಟು ನೋಡದೇ ನೀರಿನ ಮಾತು ಆಡ್ಬೇಡಿ

ಇದು ಹೆಣ್ಣುಮಕ್ಕಳ ವಿಷಯ, ಗಂಡಸರು ಈ ಪ್ಯಾರಾ ಹಾರಿಸ್ಬೇಡಿ, ಅಪ್ಪಂದಿರೇ ಹೋಗಿ ಮಾತಾಡಿದ್ರೆ ಶಾಲೆಯಲ್ಲಿ ಬೇಗ ಕೆಲಸ ಆಗುತ್ತೆ. ನಮ್ಮ ಅಣ್ಣನ ಮಗಳು ಒಂಬತ್ತನೇ ಕ್ಲಾಸಲ್ಲಿರೋವಾಗ ಇಡೀ ದಿನ ನೀರು ಕುಡೀತಿರ್ಲಿಲ್ಲ, ಯಾಕೆ ಅಂತ ಕೇಳಿದ್ರೆ ತುಂಬ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ಳು, "ಅತ್ತೆ, ಅಲ್ಲಿ ಚಿಲಕ ಇಲ್ಲ, ಇಬ್ರು ಹೋಗ್ಬೇಕು, ಒಬ್ಳು ಹೊರಗೆ ನಿಂತು ಬಾಗ್ಲು ಹಿಡ್ಕೋಬೇಕು. ಬಕೆಟ್ಟಲ್ಲಿ ನೀರೂ ಇರಲ್ಲ. ಬ್ರೇಕ್ ಹತ್ತು ನಿಮಿಷ, ಮೂವತ್ತು ಜನ ಲೈನು." ಇಂಥ ಮಗುಗೆ ನೀರಿನ ಉಪಯೋಗಗಳ ಬಗ್ಗೆ ಭಾಷಣ ಕೊಟ್ಟು ಏನು ಪ್ರಯೋಜನ, ಅದು ಯೋಚನೆ ಮಾಡೇ ಕುಡೀದೇ ಇರೋದು.

ನೀರು ಕಮ್ಮಿ ಕುಡಿದು, ಬಂದ ಮೂತ್ರಾನೂ ತಡ್ಕೊಂಡು ಕೂತ್ರೆ ಉರಿ ಮೂತ್ರ, ಇನ್ಫೆಕ್ಷನ್ ಬರೋ ಸಾಧ್ಯತೆ ಜಾಸ್ತಿ, ಮಲಬದ್ಧತೆನೂ ಜೊತೆಗೆ ಬರುತ್ತೆ. ಮುಟ್ಟಿನ ದಿನಗಳಲ್ಲಂತೂ ಇನ್ನೂ ಕಷ್ಟ.

ಸರ್ಕಾರಿ ಶಾಲೆ ಆದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿಗೆ ಹೋಗಿ, ಪ್ರೈವೇಟ್ ಆದ್ರೆ ಪೇರೆಂಟ್ಸ್ ಮೀಟಿಂಗಲ್ಲಿ. "ಟಾಯ್ಲೆಟ್ ಸರಿ ಇಲ್ಲ" ಅಂತ ಒಟ್ಟಾರೆ ಹೇಳಿದ್ರೆ "ನೋಡೋಣ" ಅಂತಾರೆ ಅಷ್ಟೇ. ಒಂದೊಂದೇ ಕೇಳಿ: ಒಳಗಿಂದ ಹಾಕೋ ಚಿಲಕ, ದಿನಾ ನೀರು, ಬಕೆಟ್ಟು ಮಗ್ಗು, ಮುಚ್ಚಳ ಇರೋ ಡಸ್ಟ್‌ಬಿನ್, ಕೈ ತೊಳೆಯೋಕೆ ಸೋಪು. ಚಿಲಕ ನೂರಿನ್ನೂರು ರೂಪಾಯಿ ಒಳಗೆ ಆಗೋ ಕೆಲಸ, ಯಾರೋ ಒಬ್ರು ಪೇರೆಂಟೇ ಸ್ಕ್ರೂಡ್ರೈವರ್ ತಗೊಂಡು ಹೋಗಿ ಹಾಕಿಬರಬಹುದು. ಇನ್ನೊಂದು ಕೇಳ್ಬೇಕಾದ್ದು, ಕ್ಲಾಸ್ ನಡೀತಿರೋವಾಗ ಕೈ ಎತ್ತಿದ್ರೆ ಕಾರಣ ಕೇಳದೆ ಬಿಡಬೇಕು ಅಂತ. ಹುಡುಗರ ಮುಂದೆ "ಈಗ್ಲೇ ಹೋಗ್ಬೇಕಾ?" ಅಂತ ಒಂದು ಸಲ ಕೇಳಿಸ್ಕೊಂಡ ಹುಡುಗಿ ವರ್ಷವಿಡೀ ಕೈ ಎತ್ತಲ್ಲ.

ಮೂತ್ರ ಮಾಡೋವಾಗ ಉರಿ, ಪದೇ ಪದೇ ಚೂರು ಚೂರೇ ಬರೋದು, ಜ್ವರ, ಸೊಂಟದ ಪಕ್ಕ ನೋವು, ರಕ್ತ, ಇದ್ಯಾವುದಿದ್ರೂ ಬಾರ್ಲಿ ನೀರು ಎಳನೀರು ಅಂತ ವಾರ ಕಳೀಬೇಡಿ, ಡಾಕ್ಟರಿಗೆ ತೋರಿಸಿ ಯೂರಿನ್ ಟೆಸ್ಟ್ ಮಾಡಿಸಿ.

ಹೆಜ್ಜೆ 5: ಕುಡಿಯೋ ನೀರು, ಅದನ್ನ ಹಾಕೋ ಬಾಟ್ಲಿ

"ನಮ್ಮದು ಒರತೆ ನೀರು, ಕಾಡಿಂದ ಬರೋದು, ಏನೂ ಆಗಲ್ಲ" ಅನ್ನೋ ಹೆಮ್ಮೆ ನಮಗೆಲ್ಲಾ ಇದೆ. ನೋಡೋಕೆ ಕನ್ನಡಿ ಥರ ಇರೋ ನೀರಲ್ಲೂ ಟೈಫಾಯಿಡ್, ಜಾಂಡೀಸ್ ರೋಗಾಣು ಇರಬಹುದು, ಮಳೆಗಾಲದಲ್ಲಿ ತೋಟದ ಮೇಲಿಂದ ಹರಿದು ಬಂದಿದ್ದೆಲ್ಲಾ ಬಾವಿಗೇ ಇಳಿಯೋದು. ನೀರು ಕಲಕಿದ್ರೆ ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಬರೀ ಬಿಸಿಯಾದ್ರೆ ಸಾಲ್ದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಗುಡ್ಡದ ಮೇಲೆ ಜಾಸ್ತಿ ಹೊತ್ತು ಕುದಿಸ್ಬೇಕು ಅಂತಾರಲ್ಲ, ಅದು 2000 ಮೀಟರ್ ದಾಟಿದ ಜಾಗಕ್ಕೆ, ನಮ್ಮ ಊರುಗಳಿಗೆ ಒಂದು ನಿಮಿಷ ಸಾಕು.

ಎಲ್ರೂ ಮಾಡೋ ಒಂದು ಎಡವಟ್ಟು ಇದೆ: ಕುದಿಸಿದ ನೀರು ಸುಡುತ್ತೆ ಅಂತ ಅದಕ್ಕೆ ನಲ್ಲಿಯ ತಣ್ಣೀರು ಬೆರೆಸೋದು. ಹೋಟೆಲಲ್ಲಿ "ಬಿಸಿನೀರು ಕೊಡಿ" ಅಂದ್ರೆ ಬರೋದು ಹೆಚ್ಚಾಗಿ ಇದೇ. ಬೆರೆಸಿದ ಮೇಲೆ ಕುದಿಸಿದ್ದಕ್ಕೆ ಅರ್ಥಾನೇ ಇಲ್ಲ. ರಾತ್ರಿನೇ ಕುದಿಸಿ ಮುಚ್ಚಿಟ್ರೆ ಬೆಳಗ್ಗೆಗೆ ತಾನಾಗೇ ಆರಿರುತ್ತೆ, ಬೆರೆಸೋದಿದ್ರೆ ಅದನ್ನೇ ಬೆರೆಸಿ.

ಬಾಟ್ಲಿ ಮುಚ್ಚಳದ ಒಳಗಿನ ರಬ್ಬರ್ ಉಂಗುರ ಯಾವಾಗಾದ್ರೂ ತೆಗೆದು ನೋಡಿದ್ದೀರಾ? ಸ್ಪೂನಿನ ಹಿಂದುಗಡೆಯಿಂದ ಮೆಲ್ಲಗೆ ಎತ್ತಿದ್ರೆ ಕಿತ್ತು ಬರುತ್ತೆ, ಅದರ ಕೆಳಗೆ ಕಪ್ಪಗೆ ಲೋಳೆ ಲೋಳೆ ಬೂಷ್ಟು ಕೂತಿರುತ್ತೆ. ಜುಲೈ ತಿಂಗಳಲ್ಲಿ ಬೆಲ್ಟು, ಶೂ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯೋ ಊರಲ್ಲಿ ಬಾಟ್ಲಿ ಮುಚ್ಚಳ ಬಿಡುತ್ತಾ? "ನೀರು ಏನೋ ವಾಸನೆ" ಅಂತ ಮಕ್ಕಳು ಹೇಳಿದ್ರೆ ನೆಪ ಅಂದ್ಕೋಬೇಡಿ, ಮೊದ್ಲು ಅದನ್ನ ತೆಗೆದು ನೋಡಿ. ವಾರಕ್ಕೆರಡು ಸಲ ಉಂಗುರ ಬಿಚ್ಚಿ ಸೋಪಲ್ಲಿ ಉಜ್ಜಿ, ಮುಚ್ಚಳ ಹಾಕದೆ ಒಲೆ ಹತ್ರ ಮಗುಚಿ ಒಣಗಿಸಿ. ಕೂಲ್‌ಡ್ರಿಂಕ್ಸಿನ ಖಾಲಿ ಪ್ಲಾಸ್ಟಿಕ್ ಬಾಟ್ಲಿಯನ್ನೇ ತಿಂಗಳುಗಟ್ಲೆ ತುಂಬಿಸ್ಕೊಂಡು ಹೋಗೋದು ನಿಲ್ಲಿಸಿ, ಅದರೊಳಗೆ ಬ್ರಷ್ ಹೋಗಲ್ಲ, ಬಿಸಿನೀರು ಹಾಕೋಕಂತೂ ಅದು ಆಗೋದೇ ಇಲ್ಲ.

ಹೆಜ್ಜೆ 6: ಕಾಪಿ ಟೀ ಬಿಡಿಸೋಕೆ ಹೋಗ್ಬೇಡಿ, ಟೈಮು ಬದಲಾಯಿಸಿ

ಕೊಡಗಲ್ಲಿ ಕೂತ್ಕೊಂಡು ಮಕ್ಕಳಿಗೆ ಕಾಪಿ ಕೊಡ್ಬೇಡಿ ಅಂತ ಬರೆದ್ರೆ ನನ್ನನ್ನ ಯಾರೂ ಮನೆಯೊಳಗೆ ಸೇರಿಸಲ್ಲ. ಅಂಗಳದಲ್ಲಿ ಕಾಪಿ ಒಣಗ್ತಿರುತ್ತೆ, ಅಜ್ಜಿ ಬೆಳಗ್ಗೆ ಆರಕ್ಕೇ ಬೆಲ್ಲ ಕಾಪಿ ಲೋಟ ಕೈಗೆ ಕೊಡ್ತಾರೆ, ಇದು ನಮ್ಮ ಬದುಕು. ಆದ್ರೂ ಲೆಕ್ಕ ಗೊತ್ತಿರ್ಲಿ. ನಮ್ಮ ಜಿಲ್ಲೆಯಲ್ಲಿ ಬೆಳೆಯೋದು ಹೆಚ್ಚು ರೋಬಸ್ಟಾ ಜಾತಿ ಕಾಪಿ, ಅದರಲ್ಲಿ ನಿದ್ದೆ ಓಡಿಸೋ ಕೆಫೀನ್ ಅಂಶ ಅರೇಬಿಕಾ ಜಾತಿಗಿಂತ ಹೆಚ್ಚುಕಮ್ಮಿ ಎರಡರಷ್ಟು. ಐಸಿಎಂಆರ್ ಲೆಕ್ಕದಲ್ಲಿ 150 ಎಂಎಲ್ ಡಿಕಾಕ್ಷನ್ ಕಾಪಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಪಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ಹದಿಹರೆಯದವ್ರಿಗೆ ದಿನಕ್ಕೆ 100 ಮಿಲಿಗ್ರಾಂ ದಾಟಬಾರದು ಅಂತ ಮಕ್ಕಳ ಡಾಕ್ಟರುಗಳು ಸಾಮಾನ್ಯವಾಗಿ ಹೇಳೋದು. ಅಂದ್ರೆ ಮನೆಯಲ್ಲಿ ಹಾಲು ಹಾಕಿ ತೆಳ್ಳಗೆ ಮಾಡೋ ಕಾಪಿ ಆದ್ರೆ ದಿನಕ್ಕೆ ಒಂದು, ಹೆಚ್ಚಂದ್ರೆ ಎರಡು ಸಣ್ಣ ಲೋಟ. ಮೂರನೇದು ನಾಲ್ಕನೇದು ಅಭ್ಯಾಸಕ್ಕೆ ಬಿದ್ದಿದ್ದು.

ಮುಖ್ಯವಾದ್ದು ಊಟ ತಿಂಡಿ ಜೊತೆ ಕುಡಿಯೋದು. ಅಕ್ಕಿ ರೊಟ್ಟಿ ಚಟ್ನಿ ಜೊತೆ ಕಾಪಿ ಇರ್ಲೇಬೇಕು ಅನ್ನೋರೇ ಎಲ್ರೂ, ಆದ್ರೆ ಕಾಪಿ ಟೀಯಲ್ಲಿರೋ ಟ್ಯಾನಿನ್ ಥರದ ಅಂಶ ಊಟದಲ್ಲಿರೋ ಕಬ್ಬಿಣಾಂಶವನ್ನ ಹಿಡಿದಿಟ್ಕೊಂಡು ಮೈಗೆ ಸೇರೋಕೆ ಬಿಡಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಪಿ ಟೀ ಬೇಡ ಅಂತ ಐಸಿಎಂಆರ್ ಹೇಳಿರೋದು ಇದಕ್ಕೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ದೇಶದಲ್ಲಿ ಶೇಕಡಾ 59 ಜನಕ್ಕೆ ರಕ್ತಹೀನತೆ ಅಂತ ಬಂದಿದೆ, ಇದಕ್ಕೆ ಕಾಪಿ ಒಂದೇ ಕಾರಣ ಅಂತ ಹೇಳ್ತಿಲ್ಲ, ಆದ್ರೆ ಕೈಯಲ್ಲಿರೋದನ್ನ ಸರಿಮಾಡ್ಕೋಬಹುದಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಕಬ್ಬಿಣದ ಮಾತ್ರೆ ಇದೆಯಲ್ಲ, ಅದನ್ನೂ ನೀರಲ್ಲೇ ನುಂಗ್ಬೇಕು, ಫ್ಲಾಸ್ಕಿನ ಟೀಯಲ್ಲಿ ನುಂಗಿದ್ರೆ ಅರ್ಧ ವೇಸ್ಟು. ಆಮೇಲೆ ಒಂದು ಕಿತ್ತಳೆನೋ ನೆಲ್ಲಿಕಾಯಿನೋ ತಿಂದ್ರೆ ಇನ್ನೂ ಒಳ್ಳೇದು, ಸಿ ವಿಟಮಿನ್ ಜೊತೆಗಿದ್ರೆ ಕಬ್ಬಿಣ ಚೆನ್ನಾಗಿ ಸೇರುತ್ತೆ.

ಹಂಗಾಗಿ ಬೆಳಗ್ಗೆ ಎದ್ದು ನೀರು, ಸ್ವಲ್ಪ ಹೊತ್ತಿಗೆ ಸಣ್ಣ ಲೋಟ ಕಾಪಿ, ತಿಂಡಿ ಅದಾದ್ಮೇಲೆ ಗ್ಯಾಪ್ ಕೊಟ್ಟು. ಆರಕ್ಕೆ ಏಳೋ ಮನೆಯಲ್ಲಿ ಇದು ಆಗುತ್ತೆ, ಏಳೂವರೆಗೆ ಎಬ್ಬಿಸಿ ಎಂಟರ ಬಸ್ಸಿಗೆ ಓಡಿಸೋ ಮನೆಯಲ್ಲಿ ಆಗಲ್ಲ, ಅಲ್ಲಿ ಬೆಳಗ್ಗಿನ ಕಾಪಿನ ಸಾಯಂಕಾಲಕ್ಕೆ ತಳ್ಳಿ, ತಿಂಡಿ ಜೊತೆ ಹಾಲು ಕೊಡಿ. ಆದ್ರೆ ಸಾಯಂಕಾಲ ಐದರ ಮೇಲೆ ಬೇಡ. ಕುಡಿದ ಕೆಫೀನಿನ ಅರ್ಧ ಮೈಯಿಂದ ಇಳಿಯೋಕೆ ಐದು ಗಂಟೆ ಹತ್ತಿರ ಬೇಕು, ರಾತ್ರಿ ಒಂಬತ್ತಕ್ಕೆ ಕುಡಿದ್ರೆ ಎರಡು ಗಂಟೆಗೂ ಅರ್ಧ ಒಳಗೇ ಇರುತ್ತೆ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಟೈಮಲ್ಲಿ ಅಮ್ಮಂದಿರೇ ಪ್ರೀತಿಯಿಂದ ಹತ್ತು ಗಂಟೆಗೆ ಸ್ಟ್ರಾಂಗ್ ಕಾಪಿ ಮಾಡಿಕೊಡ್ತಾರೆ, ಮಗು ಎಚ್ಚರ ಇರುತ್ತೆ ನಿಜ, ಆದ್ರೆ ನಿದ್ದೆಗೆಟ್ಟು ಓದಿದ್ದು ಬೆಳಗ್ಗೆ ತಲೆಯಲ್ಲಿ ಉಳಿಯೋದು ಕಷ್ಟ. ಆ ಹೊತ್ತಿಗೆ ಕೊತ್ತಂಬರಿ ಜೀರಿಗೆ ಕಷಾಯನೋ ಬರೀ ಬಿಸಿ ಹಾಲೋ ಕೊಡಿ, ಬಿಸಿ ಲೋಟ ಕೈಯಲ್ಲಿ ಇದ್ದಂಗೂ ಆಯ್ತು.

ತೋಟದ ಕೆಲಸದವ್ರ ಲೈನ್ ಮನೆಗಳಲ್ಲಿ ಚಿಕ್ಕ ಮಕ್ಕಳಿಂದಲೇ ಸಕ್ಕರೆ ಹಾಕಿದ ಕಣ್ಣ ಚಾಯ (ಹಾಲಿಲ್ಲದ ಟೀ), ಬನ್ನು, ಅದೇ ಬೆಳಗಿನ ತಿಂಡಿ ಆಗಿರುತ್ತೆ, ಕೆಲಸಕ್ಕೆ ಹೋಗೋ ತಾಯಿಗೆ ಬೇರೆ ಮಾಡೋಕೆ ಟೈಮೂ ಇರಲ್ಲ. ಅಂಥ ಮಕ್ಕಳಿಗೆ ಸರ್ಕಾರಿ ಶಾಲೆಯ ಹಾಲು ದೊಡ್ಡ ಆಸರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಹತ್ತನೇ ಕ್ಲಾಸ್ ತನಕ 150 ಎಂಎಲ್ ಹಾಲು ಇದೆ, 2024ರಿಂದ ವಾರದಲ್ಲಿ ಮೂರು ದಿನ ರಾಗಿ ಮಾಲ್ಟೂ ಸೇರಿದೆ. ಎಂಟು ಒಂಬತ್ತಕ್ಕೆ ಬಂದ ಮೇಲೆ "ಅದು ಚಿಕ್ಕ ಮಕ್ಕಳಿಗೆ" ಅಂತ ಹಾಲಿನ ಲೈನಿಂದ ತಪ್ಪಿಸ್ಕೊಳ್ಳೋರು ಇದ್ದಾರೆ, ಅವರನ್ನ ಮತ್ತೆ ಲೈನಿಗೆ ನಿಲ್ಲಿಸಿ.

ಹೆಜ್ಜೆ 7: ಕೂಲ್‌ಡ್ರಿಂಕ್ಸ್ ಲೇಬಲ್ ಓದೋಕೆ ಕಲಿಸಿ

ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಟೇಬಲ್ ಮೇಲೆ ತೋರಿಸಿ. ಮಗು ಇಷ್ಟಪಡೋ ಬಾಟ್ಲಿನೇ ತರಿಸಿ, ಹಿಂದುಗಡೆ ಸಣ್ಣ ಅಕ್ಷರದಲ್ಲಿ 100 ಎಂಎಲ್‌ಗೆ ಎಷ್ಟು ಗ್ರಾಂ ಸಕ್ಕರೆ ಅಂತ ಇರುತ್ತೆ, ಮಗು ಹತ್ರನೇ ಓದಿಸಿ. ಕೋಲಾ ಥರದ್ದರಲ್ಲಿ ಸಾಮಾನ್ಯವಾಗಿ ಹತ್ತರಿಂದ ಹನ್ನೊಂದು ಗ್ರಾಂ. 250 ಎಂಎಲ್ ಬಾಟ್ಲಿ ಅಂದ್ರೆ ಇಪ್ಪತ್ತಾರು ಗ್ರಾಂ ಹತ್ತಿರ. ಈಗ ಒಂದು ಸ್ಟೀಲ್ ಲೋಟಕ್ಕೆ ಟೀ ಸ್ಪೂನಲ್ಲಿ ಸಕ್ಕರೆ ಹಾಕಿಸಿ, ತಲೆ ಸವರಿದ ಸ್ಪೂನು, ಒಂದು, ಎರಡು, ಆರು ಆಗುತ್ತೆ. 750 ಎಂಎಲ್ ಬಾಟ್ಲಿ ತಂದು ಮ್ಯಾಚ್ ನೋಡ್ತಾ ಒಬ್ನೇ ಮುಗಿಸೋ ಹುಡುಗ ಇದ್ರೆ ಹದಿನೆಂಟು ಸ್ಪೂನು ಹಾಕಿಸಿ, ಅವನೇ "ಸಾಕು ಬಿಡಿ" ಅಂತಾನೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೀಗೆ ಹೊರಗಿಂದ ಸೇರೋ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡಾ 10 ದಾಟಬಾರದು, ಆದ್ರೆ 5ರ ಒಳಗಿದ್ರೆ ಉತ್ತಮ ಅಂತ. 2000 ಕ್ಯಾಲೊರಿ ತಿನ್ನೋರಿಗೆ ಆ ಐದು ಅಂದ್ರೆ 25 ಗ್ರಾಂ, ಒಂದು ಸಣ್ಣ ಬಾಟ್ಲಿಗೇ ಮುಗೀತು, ಕಾಪಿಯ ಬೆಲ್ಲ ಸಕ್ಕರೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮಾವಿನ ಹಣ್ಣಿನ ಚಿತ್ರ ಇರೋ ಬಾಟ್ಲಿ ಹಣ್ಣಿನ ರಸ ಅಂತ ಕೊಡೋ ಮನೆಗಳು ಬಹಳ. ಅದರ ಲೇಬಲ್ಲೂ ಓದಿಸಿ, ಮೊದಲನೇ ಹೆಸರು ನೀರು, ಸಕ್ಕರೆನೂ ಹಿಂದೆಯೇ ಇರುತ್ತೆ.

ಹಲ್ಲಿಗೆ ಸಕ್ಕರೆ ಒಂದು ಕಡೆ, ಹುಳಿ ಆಸಿಡ್ ಇನ್ನೊಂದು ಕಡೆ. ಒಂದು ಬಾಟ್ಲಿನ ಎರಡು ಗಂಟೆ ಗುಟುಕು ಗುಟುಕಾಗಿ ಕುಡಿಯೋದು ಒಂದೇ ಸಲ ಕುಡಿದು ಮುಗಿಸೋದಕ್ಕಿಂತ ಹಲ್ಲಿಗೆ ಕೆಟ್ಟದ್ದು. ಕುಡಿದ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸ್ಲಿ, ಬ್ರಷ್ ಮಾತ್ರ ಅರ್ಧ ಗಂಟೆ ಬಿಟ್ಟು.

ಪೂರ್ತಿ ಬ್ಯಾನ್ ಮಾಡ್ಬೇಡಿ, ಬ್ಯಾನ್ ಮಾಡಿದ ಮನೆಯ ಮಕ್ಕಳು ಬೇರೆ ಕಡೆ ಎರಡರಷ್ಟು ಕುಡೀತಾರೆ. ಮದುವೆ, ನಾಮಕರಣ, ಹುತ್ತರಿ, ವಾರಕ್ಕೊಂದು ಸಲ ಹೊರಗೆ ಹೋದಾಗ, ಸಣ್ಣ ಬಾಟ್ಲಿ, ಊಟದ ಜೊತೆ, ಅಷ್ಟೇ. ಫ್ರಿಡ್ಜಲ್ಲಿ ದೊಡ್ಡ ಬಾಟ್ಲಿ ತಂದಿಡೋದು ಅಪ್ಪನೇ ಆಗಿದ್ರೆ ಮೊದ್ಲು ಅಪ್ಪನ ಹತ್ರ ಮಾತಾಡಿ.

ಬದಲಿಗೆ ಏನು? ಬೇಲಿಯ ಮೇಲೆ ಹಬ್ಬಿರೋ ಪ್ಯಾಶನ್ ಫ್ರೂಟ್ ಎಷ್ಟು ಮನೆಯಲ್ಲಿ ಉದುರಿ ಕೊಳೀತಿದೆ! ಎರಡು ಹಣ್ಣು ಕೊಯ್ದು ತಿರುಳು ಲೋಟಕ್ಕೆ ಹಾಕಿ, ಒಂದು ಸ್ಪೂನ್ ಸಕ್ಕರೆನೋ ಬೆಲ್ಲನೋ, ಚಿಟಿಕೆ ಉಪ್ಪು, ಕುದಿಸಿ ಆರಿಸಿದ ನೀರು, ಚೆನ್ನಾಗಿ ಕಲಕಿ ಬೀಜ ಸೋಸಿದ್ರೂ ಸರಿ, ಬಿಟ್ರೂ ಸರಿ. ಇದರಲ್ಲೂ ಸಕ್ಕರೆ ಇದೆ, ಆದ್ರೆ ಆರು ಸ್ಪೂನಿಲ್ಲ, ಎಷ್ಟು ಹಾಕಿದ್ದು ಅಂತ ನಿಮಗೆ ಗೊತ್ತಿರುತ್ತೆ. ಬೇಸಿಗೆಗೆ ಮಜ್ಜಿಗೆಗೆ ಶುಂಠಿ, ಕರಿಬೇವು, ಅರ್ಧ ಗಾಂಧಾರಿ ಮೆಣಸು ಜಜ್ಜಿ ಹಾಕಿ, ಅಂಗಡಿಯ ಯಾವ ಬಾಟ್ಲಿಗೂ ಆ ರುಚಿ ಬರಲ್ಲ.

ಹೋಮ್‌ಮೇಡ್ ವೈನ್ ಬಗ್ಗೆ ಒಂದು ಮಾತು. "ದ್ರಾಕ್ಷಿದು, ಶುಂಠಿದು, ಮನೆಯಲ್ಲೇ ಮಾಡಿದ್ದು, ಸ್ವಲ್ಪ ಕುಡೀಲಿ ಶೀತಕ್ಕೆ ಒಳ್ಳೇದು" ಅಂತ ಹದಿನಾಲ್ಕು ವರ್ಷದವ್ರಿಗೆ ಕೊಡೋರಿದ್ದಾರೆ. ಹುಳಿ ಬಂದ ಮೇಲೆ ಅದು ಆಲ್ಕೋಹಾಲ್, ಮನೆಯಲ್ಲಿ ಮಾಡಿದ್ರೂ ಅಂಗಡಿಯಲ್ಲಿ ಕೊಂಡ್ರೂ. ಶೀತಕ್ಕೆ ಶುಂಠಿ ಕಷಾಯ ಇದೆ.

ಹೆಜ್ಜೆ 8: ಎನರ್ಜಿ ಡ್ರಿಂಕ್ ಬೇಡ, ಮೈದಾನಕ್ಕೆ ಬೇರೆ ವ್ಯವಸ್ಥೆ ಮಾಡಿ

ಇದರಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು, ಅಂದ್ರೆ 250 ಎಂಎಲ್ ಬಾಟ್ಲಿಯಲ್ಲಿ 75ರ ತನಕ. ಅದೇ ಬಾಟ್ಲಿ ಮೇಲೆ ಮಕ್ಕಳಿಗೆ ಶಿಫಾರಸು ಮಾಡಲ್ಲ ಅಂತ ಕಂಪನಿನೇ ಪ್ರಿಂಟ್ ಮಾಡಿರ್ಬೇಕು, ಓದೋಕೆ ಭೂತಗನ್ನಡಿ ಬೇಕು ಅಷ್ಟೇ. ಬೆಳಗ್ಗೆ ಮನೆಯಲ್ಲಿ ಕಾಪಿ ಕುಡಿದ ಹುಡುಗ ಸಾಯಂಕಾಲ ಇದನ್ನೊಂದು ಕುಡಿದ್ರೆ 100ರ ಗಡಿ ದಾಟ್ದ, ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಸುಸ್ತು, ಸುಸ್ತಿಗೆ ಮತ್ತೆ ಇದೇ ಬಾಟ್ಲಿ. ಶಾಲೆ ಪಕ್ಕದ ಅಂಗಡಿಯವ್ರು ಪರಿಚಯದವ್ರೇ ಆಗಿರ್ತಾರೆ, "ಯೂನಿಫಾರ್ಮಲ್ಲಿ ಬಂದ್ರೆ ಕೊಡ್ಬೇಡಿ ಅಣ್ಣ" ಅಂತ ನಾಲ್ಕು ಜನ ಪೇರೆಂಟ್ಸ್ ಒಟ್ಟಿಗೆ ಹೋಗಿ ಹೇಳಿ.

ಹಾಕಿ ಆಡೋ ಮಕ್ಕಳು ಇದನ್ನ ಸ್ಟ್ಯಾಮಿನಾಗೆ ಅಂತ ಕುಡಿಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವ್ರು ಕೊಡವ ಕುಟುಂಬಗಳ ಮಧ್ಯೆ ನಡೆಯೋ ಕೌಟುಂಬಿಕ ಹಾಕಿ ಶುರು ಮಾಡಿದಾಗಿಂದ ಏಪ್ರಿಲ್ ಮೇ ಅಂದ್ರೆ ನಮಗೆ ಹಾಕಿ, ಅದೂ ಉರಿ ಬಿಸಿಲಲ್ಲಿ. ಆಡೋಕೆ ಎರಡು ಗಂಟೆ ಮುಂಚೆ ಎರಡು ಲೋಟ ನೀರು, ಆಟದ ಮಧ್ಯೆ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಸಲ ನಾಲ್ಕೈದು ಗುಟುಕು. ಒಂದು ಗಂಟೆ ಒಳಗಿನ ಆಟಕ್ಕೆ ಬರೀ ನೀರು ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಬೆವರು ಸುರಿಸಿ ಆಡಿದ್ರೆ ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಸಕ್ಕರೆ ನಿಂಬೆ ಶರಬತ್ತು. ತಲೆ ಸುತ್ತು, ವಾಂತಿ, ಮಾತು ತೊದಲಿದ್ರೆ ಆಟ ನಿಲ್ಲಿಸಿ ನೆರಳಿಗೆ ಕರ್ಕೊಂಡು ಹೋಗಿ ಮೈ ಒದ್ದೆ ಮಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮಾತು ತೊದಲ್ತಿರೋವ್ರ ಬಾಯಿಗೆ ಏನೂ ಹುಯ್ಯಬೇಡಿ.

ಭೇದಿ ವಾಂತಿಗೆ ಓಆರ್‌ಎಸ್, ಅಂದ್ರೆ ನೀರಿಗೆ ಕಲಸಿ ಕುಡಿಯೋ ಉಪ್ಪು ಸಕ್ಕರೆಯ ಪುಡಿ. ಮೆಡಿಕಲ್‌ನಲ್ಲಿ ಟೆಟ್ರಾ ಪ್ಯಾಕ್ ಜ್ಯೂಸ್ ಥರದ್ದು ಓಆರ್‌ಎಸ್ ಅಂತ ಹೆಸರು ಹಾಕ್ಕೊಂಡು ವರ್ಷಗಟ್ಲೆ ಮಾರಾಟ ಆಯ್ತು, ಸಕ್ಕರೆ ಹೆಚ್ಚಿರೋ ಅಂಥವು ಭೇದಿನ ಜಾಸ್ತಿನೇ ಮಾಡಬಹುದು. 2025ರ ಅಕ್ಟೋಬರಲ್ಲಿ ಎಫ್‌ಎಸ್‌ಎಸ್‌ಎಐ ಅಂಥ ಕಂಪನಿಗಳಿಗೆ ಆ ಹೆಸರು ಬಳಸ್ಬಾರದು ಅಂತ ಆದೇಶ ಮಾಡ್ತು. ನೀವು ಕೇಳ್ಬೇಕಾದ್ದು ಪುಡಿ ಪ್ಯಾಕೆಟ್, ಡಬ್ಲ್ಯುಎಚ್‌ಓ ಫಾರ್ಮುಲಾ ಅಂತ ಬರೆದಿರೋದು, 20.5 ಗ್ರಾಂ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಅಂದಾಜಲ್ಲಿ ಚೂರು ಹಾಕೋದು ಬೇಡ. ಪ್ಯಾಕೆಟ್ ಸಿಗ್ಲಿಲ್ಲಾಂದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಸ್ಪೂನ್ ಸಕ್ಕರೆ, ಅರ್ಧ ಟೀ ಸ್ಪೂನ್ ಉಪ್ಪು, ಎರಡೂ ತಲೆ ಸವರಿದ್ದು.

ಹೆಜ್ಜೆ 9: ಜಾಸ್ತಿ ಕುಡಿಯೋದನ್ನೂ ಗಮನಿಸಿ

ಇಷ್ಟೆಲ್ಲಾ ನೀರು ಕುಡಿಸೋ ಮಾತಾಯ್ತು, ಉಲ್ಟಾ ಕೇಸೂ ಇದೆ. ನೀವೇನೂ ಹೇಳದೆನೇ ಮಗು ಇದ್ದಕ್ಕಿದ್ದಂಗೆ ತಂಬಿಗೆಗಟ್ಲೆ ನೀರು ಕುಡಿಯೋಕೆ ಶುರು ಮಾಡಿದ್ರೆ, ಮಳೆಗಾಲದಲ್ಲೂ ಬಾಯಾರಿಕೆ ಅಂದ್ರೆ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಎದ್ರೆ, ಚೆನ್ನಾಗಿ ತಿಂದ್ರೂ ಬಟ್ಟೆ ಸಡಿಲ ಆಗ್ತಿದ್ರೆ, ಅದನ್ನ ಒಳ್ಳೆ ಅಭ್ಯಾಸ ಅಂತ ಖುಷಿ ಪಡ್ಬೇಡಿ. ಮಕ್ಕಳಲ್ಲಿ ಬರೋ ಟೈಪ್ 1 ಶುಗರ್ ಹೀಗೇ ಶುರುವಾಗೋದು, ಮನೆಯಲ್ಲಿ ಯಾರಿಗೂ ಶುಗರ್ ಇಲ್ಲದಿದ್ರೂ ಬರಬಹುದು. ಬೆರಳಿಗೆ ಚುಚ್ಚಿ ನೋಡೋ ಟೆಸ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತೆ, ಅವತ್ತೇ ಕರ್ಕೊಂಡು ಹೋಗಿ. ವಾಂತಿ, ಹೊಟ್ಟೆ ನೋವು, ಏದುಸಿರು ಜೊತೆಗಿದ್ರೆ ಬೆಳಗಾಗೋ ತನಕನೂ ಕಾಯ್ಬೇಡಿ, ರಾತ್ರಿನೇ ಜೀಪ್ ಮಾಡ್ಕೊಂಡಾದ್ರೂ ದೊಡ್ಡಾಸ್ಪತ್ರೆಗೆ ಹೊರಡಿ.